ಅಪ್‌ಡೇಟ್: 300 ಪದದ ಕಥೆ ಕೊನೆಗೂ ಕಳಿಸ್ದೆ

ಸ್ಪರ್ಧೆಗೆ ಬರೆದ ಕಿರುಗತೆ 412 ಪದ ಆಗಿದೆ, ಮಿತಿ 300, ಹೇಗೆ ಇಳಿಸೋದು ಅಂತ ಹೋದ ವಾರ ಕೇಳಿದ್ನಲ್ಲ, ನಿನ್ನೆ ರಾತ್ರಿ 296ಕ್ಕೆ ನಿಲ್ಲಿಸಿ ಕಳಿಸ್ದೆ. ವಿಶೇಷಣ ತೆಗೆದಿದ್ರಿಂದ 30 ಪದನೂ ಇಳೀಲಿಲ್ಲ. ಕೆಲಸ ಮಾಡಿದ್ದು "ಕೊನೇ ಘಳಿಗೆಯಿಂದ್ಲೇ ಶುರು ಮಾಡಿ" ಅನ್ನೋ ಸಲಹೆ. ಕಾರವಾರದ ಬೈತಖೋಲ ಬಂದರಲ್ಲಿ ಅಪ್ಪನ ಬೋಟಿಗೆ ಕಾಯೋ ಹುಡುಗಿ ಕಥೆ ಅದು, ಅವಳ ಬೆಳಗಿನ ಚಾ, ಬಸ್ಸು ಎಲ್ಲಾ ಬಿಟ್ಟು, ಖಾಲಿ ಬುಟ್ಟಿ ಬೋರಲು ಹಾಕಿ ಕೂತಲ್ಲಿಂದ ಶುರು ಮಾಡ್ದೆ, ಒಂದೇ ಸಲಕ್ಕೆ 75 ಪದ ಹೋಯ್ತು. ಜೋರಾಗಿ ಓದಿ ಅಂದವ್ರಿಗೂ ತುಂಬಾ ಥ್ಯಾಂಕ್ಸ್, ಆಯಿ ಮುಂದೆ ಓದ್ದಾಗ "ಅಷ್ಟೆಲ್ಲ ಹೇಳೂದ್ ಬ್ಯಾಡ, ಗೊತ್ತಾಗ್ತದೆ" ಅಂದ್ಲು, ಕೊನೇ ಸಾಲು ಅಳಿಸ್ದೆ.

ಗೊತ್ತೇ ಇರದ ವಿಷಯ ಅಂದ್ರೆ ಕಂಪ್ಯೂಟರ್ ಸ್ಪೇಸ್ ನೋಡಿ ಪದ ಎಣಿಸೋದು, "ಹೋಗಿ ಬಿಟ್ಟಳು" ಎರಡು, "ಹೋಗಿಬಿಟ್ಟಳು" ಒಂದೇ, ಕೂಡಿಸಿ ಬರೆಯೋದೇ ಸರಿ ಕೂಡ. ರಿಸಲ್ಟ್ ಇನ್ನೂ ಬಂದಿಲ್ಲ.