ಮದ್ದೂರಿಂದ ಮೈಸೂರಿಗೆ ಮದುವೆ ಜವಳಿಗೆ ಹೋಗ್ತಿದ್ದಾರೆ: ದುಡ್ಡು, ಸರ, ಫೋನ್ ಜೋಪಾನ ಮಾಡೋದು ಹೇಗೆ?

ಮದ್ದೂರು ಸೀಮೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರೋ ಶನಿವಾರ ಅಮ್ಮ, ದೊಡ್ಡಮ್ಮ, ತಂಗಿ ಮೂವರೇ ಬಸ್ಸಲ್ಲಿ ಮೈಸೂರಿಗೆ ಹೋಗ್ತಾರೆ. ಮದುವೆ ಜವಳಿ ತೆಗೀಬೇಕು, ಅಶೋಕ ರಸ್ತೇಲಿ ಒಡವೆಗೆ ಅಡ್ವಾನ್ಸ್ ಕೊಡಬೇಕು, ಆಮೇಲೆ ದೇವರಾಜ ಮಾರ್ಕೆಟ್. ಕೈಯಲ್ಲಿ 80 ಸಾವಿರ ನಗದು ಇರುತ್ತೆ. ಅಮ್ಮನ ಕೊರಳಲ್ಲಿ ಮಾಂಗಲ್ಯ ಸರ, ತೆಗೆದಿಡಿ ಅಂದ್ರೆ ಕೇಳಲ್ಲ. "ಹುಷಾರಾಗಿರಿ" ಅಂತ ಎಲ್ಲರೂ ಹೇಳ್ತಾರೆ. ಎಲ್ಲಿ, ಯಾವಾಗ, ಏನು ಮಾಡಬೇಕು ಅನ್ನೋದನ್ನ ಗೊತ್ತಿರೋರು ಬಿಡಿಸಿ ಹೇಳಿ.

ಸಬರ್ಬನ್ ಸ್ಟ್ಯಾಂಡ್

ದಿನವಿಡೀ ಹುಷಾರಾಗಿರೋಕೆ ಯಾರ ಕೈಲೂ ಆಗಲ್ಲ ಅಣ್ಣ. ಹಾಗೆ ಮಾಡೋಕೆ ಹೋದ್ರೆ ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ, ಊಟಕ್ಕೆ ಕೂತ ಕಡೆ ಬ್ಯಾಗ್ ಮರೆತು ಏಳ್ತಾರೆ. ಕಳ್ಳರಿಗೆ ಬೇಕಾಗಿರೋದು ನಾಲ್ಕೇ ಗಳಿಗೆ: ಬಸ್ ಹತ್ತುವಾಗ, ಇಳಿಯುವಾಗ, ದುಡ್ಡು ಎಣಿಸಿ ಒಳಗಿಟ್ಟ ಮೇಲಿನ ಹತ್ತು ನಿಮಿಷ, ಗುರುತಿಲ್ಲದೋರು ತಾವಾಗೇ ಮಾತಾಡಿಸಿದಾಗ. ಅಷ್ಟು ಹೊತ್ತು ಮನಸ್ಸು ಅಲ್ಲೇ ಇರಲಿ.

ಇದರಲ್ಲಿ ಬಸ್ ಬಾಗಿಲೇ ಮುಖ್ಯ. ಅಲ್ಲಿ ಒಬ್ಬರು ಕೆಲಸ ಮಾಡಲ್ಲ, ಮೂವರೋ ನಾಲ್ವರೋ ಇರ್ತಾರೆ. ಮುಂದಿನವರು ಮೆಟ್ಟಿಲ ಮೇಲೆ ಕಾಲಿಟ್ಟು ನಿಂತುಬಿಡ್ತಾರೆ, ಚಪ್ಪಲಿ ಜಾರ್ತು ಅಂತಲೋ, "ಇದು ಚನ್ನಪಟ್ಟಣದಲ್ಲಿ ನಿಲ್ಲುತ್ತಾ?" ಅಂತ ಕೇಳ್ಕೊಂಡೋ. ಹಿಂದಿನವರು ನೂಕ್ತಾರೆ. ಆ ಹೊತ್ತಿಗೆ ನಿಮ್ಮ ಅಮ್ಮನ ಒಂದು ಕೈ ಬಾಗಿಲ ಕಂಬಿ ಮೇಲೆ, ಇನ್ನೊಂದು ಕೈ ಸೀರೆ ನೆರಿಗೆ ಎತ್ತಿ ಹಿಡಿದಿರುತ್ತೆ. ಬ್ಯಾಗ್ ಜಾರಿ ಸೊಂಟದ ಹಿಂದಕ್ಕೆ ಹೋಗಿರುತ್ತೆ. ಪಕ್ಕದವರ ತೋಳಿನ ಮೇಲೆ ಟವಲ್ಲೋ ಶಾಲೋ ಇದ್ದು, ಅದರ ಅಡಿಯಲ್ಲಿ ಇನ್ನೊಂದು ಕೈ ಆಡ್ತಿರುತ್ತೆ. ಪರ್ಸ್ ಬಂದ ತಕ್ಷಣ ಮೂರನೆಯವರ ಕೈ ಸೇರುತ್ತೆ, ಅವರು ಬಸ್ ಹತ್ತೋದೇ ಇಲ್ಲ. ಅದಕ್ಕೇ ಅನುಮಾನ ಬಂದವರನ್ನ ಹಿಡಿದು ತಡಕಿದ್ರೂ ಏನೂ ಸಿಗಲ್ಲ.

ಹಾಗಾಗಿ ನೂಕುನುಗ್ಗಲಿದ್ದ ಬಸ್ ಬಿಟ್ಟುಬಿಡಿ. ಬೆಂಗಳೂರು ರಸ್ತೇಲಿ ಇನ್ನೊಂದು ಬಸ್‌ಗೆ ಬಹಳ ಹೊತ್ತು ಕಾಯಬೇಕಿಲ್ಲ. ಮೂವರೂ ಸಾಲಾಗಿ ಹತ್ತಲಿ: ದುಡ್ಡಿರೋರು ಮಧ್ಯದಲ್ಲಿ, ತಂಗಿ ಹಿಂದೆ. ಬ್ಯಾಗ್ ಹೊಟ್ಟೆ ಮೇಲಿರಲಿ, ಜಿಪ್ಪಿನ ಬಾಯಿ ಮೈ ಕಡೆಗೆ. ಎರಡು ಜಿಪ್ ಇದ್ರೆ ಎರಡರ ತೂತಿಗೂ ಸೇರಿಸಿ ಒಂದು ಸೇಫ್ಟಿ ಪಿನ್ ಹಾಕಿ. ಅದನ್ನ ಬಿಚ್ಚೋಕೆ ಎರಡು ಕೈ ಬೇಕು, ಜನದ ಮಧ್ಯೆ ಅದು ಆಗದ ಕೆಲಸ. ಬ್ಯಾಗಿನ ತಳಕ್ಕೆ ಬ್ಲೇಡ್ ಹಾಕೋರೂ ಇದ್ದಾರೆ, ಅದಕ್ಕೆ ನೋಟು ತಳದಲ್ಲಿ ಇಡಬೇಡಿ.

ಇನ್ನೊಂದು. ಶಕ್ತಿ ಟಿಕೆಟ್‌ಗೆ ಆಧಾರ್ ತೋರಿಸಬೇಕಲ್ಲ, ಬಹಳ ಹೆಂಗಸರು ಅದನ್ನ ದುಡ್ಡಿನ ಪರ್ಸಲ್ಲೇ ಇಟ್ಟಿರ್ತಾರೆ. ಕಂಡಕ್ಟರ್ ಬಂದಾಗ ಪರ್ಸ್ ತೆಗೆದ್ರೆ ಒಳಗೆ ಎಷ್ಟಿದೆ ಅಂತ ಸುತ್ತಲಿದ್ದವರಿಗೆಲ್ಲ ಕಾಣುತ್ತೆ. ಆಧಾರ್ ಬೇರೆ ಕಡೆ ಇಟ್ಟು, ಹತ್ತೋ ಮೊದಲೇ ಕೈಗೆ ತಗೊಳ್ಳಿ.

80 ಸಾವಿರ ಅಂದ್ರೆ 500ರ 160 ನೋಟು. ಒಡವೆ ಅಡ್ವಾನ್ಸನ್ನ ಯುಪಿಐ ಇಲ್ಲ ಕಾರ್ಡಲ್ಲೇ ಕೊಟ್ಟುಬಿಡಿ. ಉಳಿದಿದ್ದನ್ನ ಮೂರು ಪಾಲು ಮಾಡಿ, ಮೂವರ ಹತ್ತಿರ ಇರಲಿ. ದೊಡ್ಡಮ್ಮ ಇನ್ನೂ ಸೊಂಟಕ್ಕೆ ಸಂಚಿ ಸಿಕ್ಕಿಸೋರಾದ್ರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಚಿಲ್ಲರೆ ಖರ್ಚಿಗೆ ಬೇರೆ ಪರ್ಸಲ್ಲಿ ಐನೂರು, ಸಾವಿರ ಸಾಕು. ಬೀದೀಲಿ ತೆರೆಯೋದು ಅದೊಂದನ್ನೇ.

ಸೀರೆ ಅಂಗಡೀಲಿ ಗಾದಿ ಮೇಲೆ ಕೂತಾಗ ಬ್ಯಾಗನ್ನ ಬೆನ್ನ ಹಿಂದೆ ಸರಿಸಿ ಮೂವರೂ ಒಂದೇ ಸೀರೆ ನೋಡ್ತಾರೆ. ಬ್ಯಾಗಿನ ಪಟ್ಟಿ ಮಂಡಿ ಅಡಿಯಲ್ಲಿರಲಿ, ಒಬ್ಬರ ಕಣ್ಣು ಸೀರೆ ಬಿಟ್ಟು ಬ್ಯಾಗಿನ ಮೇಲಿರಲಿ.

ಹಳೇ ಬೀಟ್

ಮೇಲಿನವರು ಹೇಳಿದ ನಾಲ್ಕನೇ ಗಳಿಗೆ ಬಗ್ಗೆ ಹೇಳ್ತೀನಿ. ಸರಗಳ್ಳರು ವಿಳಾಸ ಕೇಳೋ ನೆಪದಲ್ಲಿ ಚೀಟಿನೋ ಫೋನೋ ಮುಂದೆ ಹಿಡೀತಾರೆ. ಅದನ್ನ ಓದೋಕೆ ಬಗ್ಗಿದಾಗ ಸರ ಮೈ ಬಿಟ್ಟು ಮುಂದಕ್ಕೆ ಜೋತು ಬೀಳುತ್ತೆ. ಅವರಿಗೆ ಬೇಕಿದ್ದದ್ದು ಅದೇ. ಬೈಕ್ ಆಫ್ ಮಾಡದೆ, ಇಬ್ಬರೂ ಮುಖ ಮುಚ್ಚೋ ಹೆಲ್ಮೆಟ್ ಹಾಕಿ, ಹಿಂದೆ ಕೂತವನೇ ಮಾತಾಡ್ತಿದ್ರೆ ಆರೇಳು ಅಡಿ ದೂರದಿಂದಲೇ "ಗೊತ್ತಿಲ್ಲಪ್ಪ" ಅಂದು ಹತ್ತಿರದ ಅಂಗಡಿಗೆ ನಡೀರಿ. ಬೆಳಗ್ಗೆ ಬಾಗಿಲಲ್ಲಿ ರಂಗೋಲಿ ಹಾಕುವಾಗಲೂ ಇದೇ ಕಥೆ, ಬಗ್ಗಿದ ಕೊರಳು.

ನಡೆಯುವಾಗ ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿ ಹಿಡೀರಿ. ನಮ್ಮಲ್ಲಿ ವಾಹನ ಎಡಕ್ಕೆ ಓಡೋದ್ರಿಂದ ಬಲಬದಿಯಲ್ಲಿದ್ರೆ ಬೈಕ್ ಎದುರಿನಿಂದ ಬರುತ್ತೆ, ಕಣ್ಣಿಗೆ ಬೀಳುತ್ತೆ. ಬ್ಯಾಗ್ ಬಲ ಹೆಗಲಿಗೆ, ಅಂದ್ರೆ ಕಟ್ಟಡದ ಕಡೆಗೆ. ರಾಂಗ್ ಸೈಡಲ್ಲಿ ಬರೋರೂ ಇರೋದ್ರಿಂದ ಹಿಂದೆ ಬೈಕ್ ನಿಧಾನ ಆದ ಸದ್ದು ಕೇಳಿದ್ರೆ ತಿರುಗಿ ನೋಡಿ. ನೇರ ಮುಖ ನೋಡಿದವರನ್ನ ಬಿಟ್ಟು ಮುಂದೆ ಹೋಗೋದೇ ಹೆಚ್ಚು.

ವಯಸ್ಸಾದವರಿಗೆ ಇದೊಂದನ್ನ ಖಂಡಿತ ಹೇಳಿ ಕಳಿಸಿ: "ನಾವು ಪೊಲೀಸ್, ಮುಂದೆ ಗಲಾಟೆ ಆಗಿದೆ, ಒಡವೆ ಬಿಚ್ಚಿ ಪೇಪರಲ್ಲಿ ಕಟ್ಕೊಳ್ಳಿ" ಅನ್ನೋರು ಕಳ್ಳರೇ. ಪಕ್ಕದಲ್ಲಿ ಇನ್ನೊಬ್ಬ ದಾರಿಹೋಕನ ಹಾಗೆ ಬಂದು ತನ್ನ ಚೈನ್ ಬಿಚ್ಚಿ ಕೊಡ್ತಾನೆ, ನಂಬಿಸೋಕೆ, ಅವನೂ ಅವರವನೇ. ಕಟ್ಟಿಕೊಟ್ಟ ಪೊಟ್ಟಣದಲ್ಲಿ ಆಮೇಲೆ ಸಿಗೋದು ಕಲ್ಲು. ನಿಜವಾದ ಪೊಲೀಸರು ರಸ್ತೇಲಿ ಒಡವೆ ಬಿಚ್ಚಿಸಲ್ಲ. "ಠಾಣೆಗೇ ಬರ್ತೀನಿ ನಡೀರಿ" ಅಂತ ಜೋರಾಗಿ ಹೇಳಿ 112ಕ್ಕೆ ಫೋನ್ ಮಾಡಿ.

"ಅಮ್ಮಾ ನಿಮ್ಮ ದುಡ್ಡು ಬಿದ್ದಿದೆ" ಅಂತ ನೆಲದ ಮೇಲೆ ಹತ್ತರ ನೋಟು ತೋರಿಸೋದು, ಸೀರೆ ಮೇಲೆ ಗಲೀಜಾಗಿದೆ ಅನ್ನೋದು ಕೂಡ ಇದೇ ಜಾತಿ. ಬಗ್ಗಬೇಡಿ, ಒರೆಸಿಕೊಳ್ಳೋಕೆ ಬ್ಯಾಗ್ ಕೆಳಗಿಡಬೇಡಿ. ಅಂಗಡಿ ಒಳಗೆ ಹೋಗಿ ನೋಡ್ಕೊಳ್ಳಿ.

ಇನ್ನು ಸರ ತೆಗೆಯಲ್ಲ ಅಂದ್ರೆ ರವಿಕೆಗೆ ಹೆಗಲ ಹತ್ತಿರ ಎರಡೂ ಕಡೆ ಪಿನ್ ಹಾಕಿ, ಸೆರಗು ಮೈತುಂಬ ಹೊದ್ದುಕೊಳ್ಳಲಿ.

ಅರಿಶಿನ ದಾರ

ಪಿನ್ ಮಾತು ಅರ್ಧ ಒಪ್ತೀನಿ ಸಾರ್. ತೆಳು ಸರಕ್ಕೆ ಸರಿ. ಕಿತ್ತರೂ ಅರ್ಧ ನಮ್ಮ ಕೈಲಿ ಉಳಿಯುತ್ತೆ. 40 ಗ್ರಾಂ ಹತ್ತಿರದ ಗಟ್ಟಿ ಸರಕ್ಕೆ ಪಿನ್ ಹಾಕಿದ್ರೆ ಅದು ಬೇಗ ತುಂಡಾಗಲ್ಲ, ಓಡೋ ಬೈಕ್ ಜೊತೆ ಹೆಂಗಸೂ ಬೀಳ್ತಾರೆ. ತಲೆಗೆ, ಕೊರಳಿಗೆ ಪೆಟ್ಟಾಗೋದು ಹೀಗೇ. ಅಮ್ಮನಿಗೆ ಮಾಂಗಲ್ಯ ತೆಗೀಬೇಕು ಅನ್ನಬೇಡಿ. ತಾಳಿಯನ್ನ ಆ ಒಂದು ದಿನಕ್ಕೆ ಅರಿಶಿನ ದಾರಕ್ಕೆ ಪೋಣಿಸಿಕೊಳ್ಳಲಿ, ಸರ ಮನೇಲಿರಲಿ. ಇದಕ್ಕೆ ಬಹಳ ಜನ ಒಪ್ತಾರೆ. ಎಳೆದೇಬಿಟ್ಟರೆ ಹಿಡಿದು ಜಗ್ಗಾಡಬೇಡಿ, ಬಿಟ್ಟುಬಿಡಿ.

ಮದ್ದೂರು ಸೀಮೆ

ತುಂಬ ಉಪಕಾರ ಆಯ್ತು. ದಾರದ ಮಾತನ್ನ ದೊಡ್ಡಮ್ಮನ ಬಾಯಲ್ಲೇ ಹೇಳಿಸ್ತೀನಿ. ಇಷ್ಟೆಲ್ಲ ಮಾಡಿಯೂ ತಂಗಿ ಫೋನ್ ಹೋದ್ರೆ ಮೊದಲು ಏನು ಮಾಡಬೇಕು? ಬ್ಯಾಂಕ್ ಎಲ್ಲ ಅದರಲ್ಲೇ ಇದೆ.

ಸಿಮ್ ಲಾಕ್

ಹೋಗೋಕೆ ಮುಂಚೆ ಮಾಡೋ ಕೆಲಸವೇ ಹೆಚ್ಚು. ಡೆಬಿಟ್ ಕಾರ್ಡನ್ನ ಫೋನ್ ಕವರಲ್ಲಿ ಇಡಲೇಬೇಡಿ ಅಂತ ತಂಗಿಗೆ ಹೇಳಿ. ಕಾರಣ ಇದೆ: ಹೊಸ ಯುಪಿಐ ಪಿನ್ ಹಾಕೋಕೆ ಎಷ್ಟೋ ಬ್ಯಾಂಕಲ್ಲಿ ಬೇಕಾಗಿರೋದು ಆ ಸಿಮ್, ಕಾರ್ಡಿನ ಕೊನೇ ಆರು ಅಂಕಿ, ಅವಧಿ ತಿಂಗಳು ಮತ್ತು ಒಟಿಪಿ. ಫೋನ್, ಕಾರ್ಡ್ ಒಟ್ಟಿಗೆ ಸಿಕ್ಕರೆ ಎಲ್ಲವೂ ಕಳ್ಳನ ಕೈಲಿ. ಫೋನಿಗೆ ಬೀಗ ಇದ್ರೂ ಸಿಮ್ ತೆಗೆದು ಬೇರೆ ಫೋನಿಗೆ ಹಾಕ್ತಾರೆ. ಅದಕ್ಕೆ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ಸಿಮ್ ಲಾಕ್ ಹಾಕಿ. ಸಿಮ್‌ಗೆ ಮೊದಲೇ ಇರೋ ಪಿನ್ ಯಾವುದು ಅಂತ ಸಿಮ್ ಕಂಪನಿಯವರನ್ನ ಕೇಳ್ಕೊಂಡೇ ಮಾಡಿ. ಮೂರು ಸಲ ತಪ್ಪಿದ್ರೆ ಸಿಮ್ ಬಂದ್ ಆಗಿ ಪಿಯುಕೆ (ಅದನ್ನ ಮತ್ತೆ ತೆರೆಯೋ ಸಂಖ್ಯೆ) ಕೇಳುತ್ತೆ. *#06# ಒತ್ತಿ ಬರೋ 15 ಅಂಕಿಯ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬರೆದು ಮನೇಲಿಡಿ. ಎರಡು ಸಿಮ್ ಫೋನಿಗೆ ಎರಡು ಸಂಖ್ಯೆ ಇರುತ್ತೆ, ಎರಡನ್ನೂ ಬರೀರಿ.

ಹೋದ ಮೇಲೆ: ಅಮ್ಮನ ಫೋನಿಂದ ಮೊದಲು ಸಿಮ್ ಬಂದ್ ಮಾಡಿಸಿ, ತಕ್ಷಣ ಬ್ಯಾಂಕಿಗೆ ಹೇಳಿ ಯುಪಿಐ, ಕಾರ್ಡ್ ನಿಲ್ಲಿಸಿ. ದುಡ್ಡು ಹೋಗಿದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ ಪೊಲೀಸ್ ದೂರು, ದೂರಿನ ಪ್ರತಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ಐಎಂಇಐ ಬ್ಲಾಕ್ ಮಾಡಿ. ಒಟಿಪಿಗೆ ಮನೆಯವರ ನಂಬರ್ ಕೊಟ್ಟರೆ ಆಗುತ್ತೆ. ಡೂಪ್ಲಿಕೇಟ್ ಸಿಮ್‌ಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರಲ್ಲ, ಗಾಬರಿಯಾಗಬೇಡಿ. ಅಷ್ಟು ಹೊತ್ತು ಯುಪಿಐ ಇರಲ್ಲ, ಹಿಂದಿರುಗೋ ಖರ್ಚಿಗೆ ನಗದು ಬೇಕೇ ಬೇಕು.

ಹಳೇ ಬೀಟ್

ದೂರಿನ ಬಗ್ಗೆ ಒಂದು ಸೇರಿಸ್ತೀನಿ. ಕಳುವಾದದ್ದನ್ನ "ಕಳೆದುಹೋಯಿತು" ಅಂತ ಬರೆಸಬೇಡಿ. ಪೊಲೀಸರ ಆನ್‌ಲೈನ್ ಇ-ಲಾಸ್ಟ್ ರಸೀದಿ ಕಳೆದ ವಸ್ತುವಿಗೆ ಮಾತ್ರ, ಅದರ ಮೇಲೆ ತನಿಖೆ ನಡೆಯಲ್ಲ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 303 ಕಳ್ಳತನ, 304 ಕಿತ್ತುಕೊಂಡು ಓಡೋದು. 304ಕ್ಕೆ ಮೂರು ವರ್ಷದವರೆಗೆ ಜೈಲು. 1 ಜುಲೈ 2024ರಿಂದ ಈ ಕಾಯ್ದೆ ಜಾರಿಯಲ್ಲಿದೆ. ಮೈಸೂರಲ್ಲಿ ಹೋದದ್ದು ಮದ್ದೂರಿಗೆ ಬಂದ ಮೇಲೆ ಗೊತ್ತಾದ್ರೆ ಮದ್ದೂರಲ್ಲೇ ದೂರು ಕೊಡಬಹುದು. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ರ ಪ್ರಕಾರ ಯಾವ ಠಾಣೆಯವರೂ ತಗೋಬೇಕು, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ತಡ ಮಾತ್ರ ಮಾಡಬೇಡಿ. ಅಂಗಡಿ ಸಿಸಿಟಿವಿಯಲ್ಲಿ ಹಳೇ ದೃಶ್ಯದ ಮೇಲೆ ಹೊಸದು ಬರೆದುಕೊಳ್ತಾ ಹೋಗುತ್ತೆ, ಕೆಲವು ಕಡೆ ವಾರದೊಳಗೇ ಅಳಿಸಿಹೋಗುತ್ತೆ. ಎಷ್ಟು ಹೊತ್ತಿಗೆ, ಯಾವ ಅಂಗಡಿ ಮುಂದೆ, ಬೈಕ್ ಯಾವ ಕಡೆ ಹೋಯ್ತು, ಬಣ್ಣ ಏನು, ನಂಬರಿನ ಕೊನೇ ಎರಡಂಕಿ ಕಂಡಿದ್ರೂ ಸರಿ, ಅಲ್ಲೇ ನಿಂತು ಬರೆದಿಟ್ಟುಕೊಳ್ಳಿ. ಬಸ್ಸಲ್ಲೇ ಗೊತ್ತಾದ್ರೆ ಇಳಿಯಬೇಡಿ, ಬಾಗಿಲು ತೆಗೆಯದೆ ಹತ್ತಿರದ ಠಾಣೆ ಮುಂದೆ ನಿಲ್ಲಿಸಿ ಅಂತ ಡ್ರೈವರ್‌ಗೆ ಹೇಳಿ.