ಕ್ರೂಸ್ ಹಡಗಿನಲ್ಲಿ ಬಫೆಯೋ, ಕೂತು ಬಡಿಸಿಕೊಳ್ಳುವ ಊಟವೋ? ಹೋಗಿ ಬಂದವರು ಹೇಳಿ

ಬದಿಯಡ್ಕದವ

ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ಸಿಂಗಾಪುರದಿಂದ ಹೊರಡುವ 4 ರಾತ್ರಿಯ ಕ್ರೂಸ್ ಬುಕ್ ಆಗಿದೆ. ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್. ಅಪ್ಪನಿಗೆ 71, ಅಮ್ಮನಿಗೆ 66. ಜೊತೆಗೆ ನಾವಿಬ್ಬರು, 8 ವರ್ಷದ ಮಗಳು. ಟಿಕೆಟಿನಲ್ಲೇ ಬಫೆ, ಡೈನಿಂಗ್ ರೂಮ್ ಎರಡೂ ಸೇರಿದೆ. ಡೈನಿಂಗ್ ರೂಮಿಗೆ 5.45ರ ಪಾಳಿ ಬೇಕಾ, 8.15ರ ಪಾಳಿ ಬೇಕಾ ಅಂತ ಕೇಳುತ್ತಿದ್ದಾರೆ. ಅಪ್ಪ ಅಮ್ಮ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅಮ್ಮನಿಗೆ ಮೊಣಕಾಲು ನೋವು, ತಟ್ಟೆ ಹಿಡಿದು ನಿಲ್ಲಲು ಆಗುವುದಿಲ್ಲ. ಅಪ್ಪ ಪಂಚೆ ಬಿಟ್ಟು ಬೇರೆ ಉಟ್ಟವರಲ್ಲ. ಯಾವುದು ಒಳ್ಳೆಯದು?

ಪೆರ್ಲದ ಕೃಷಿಕ

ಬಫೆ. ಎರಡನೇ ಯೋಚನೆ ಬೇಡ.

ನನ್ನ ಅಪ್ಪ ಸಕ್ಕರೆ ಕಾಯಿಲೆಯವರು. ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಮನೆಯಲ್ಲಿ ಅಮ್ಮ ಕರೆಯುತ್ತಾರೆ, ಇವರು ಚುಚ್ಚಿಕೊಳ್ಳುತ್ತಾರೆ, ಕಾಲು ಗಂಟೆಯಲ್ಲಿ ಅನ್ನ ಎದುರಿಗಿರುತ್ತದೆ. ಹಡಗಿನಲ್ಲಿ ನಮಗೆ ತಡದ ಪಾಳಿ ಸಿಕ್ಕಿತು. ಅಪ್ಪ ಎಂದಿನಂತೆ ಚುಚ್ಚಿಕೊಂಡು ಬಂದರು, 8.15ಕ್ಕೆ ಕೂತೆವು. ಮೆನು ಕೈಗೆ ಬಂದದ್ದು 8.35ಕ್ಕೆ. ಆಮೇಲೆ ಬ್ರೆಡ್. ಆಮೇಲೆ ಸೂಪ್, ಅದರಲ್ಲಿ ಕೋಳಿ ರಸ ಇದೆ ಅಂತ ಗೊತ್ತಾಗಿ ವಾಪಸ್ ಹೋಯಿತು. 9.15 ಆದರೂ ಅನ್ನದ ಸುದ್ದಿ ಇಲ್ಲ. ಸಕ್ಕರೆ ಇಳಿದು ಅಪ್ಪನಿಗೆ ಬೆವರು ಕಿತ್ತುಕೊಂಡು ಬಂತು, ಕೈ ನಡುಗಲು ಶುರುವಾಯಿತು, ಮಾತು ತೊದಲಿತು. ಪಕ್ಕದ ಮೇಜಿನವರ ಕಿತ್ತಳೆ ಜ್ಯೂಸ್ ಕಿತ್ತು ಕುಡಿಸಿದೆ.

ಹಡಗಿನ ಆಸ್ಪತ್ರೆಗೆ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದರು. ಡಾಕ್ಟರ್ ನೋಡಿದ್ದಕ್ಕೆ 190 ಡಾಲರ್. ರಕ್ತ ಪರೀಕ್ಷೆಗೆ ಬೇರೆ, ಗ್ಲೂಕೋಸ್ ಏರಿಸಿದ್ದಕ್ಕೆ ಬೇರೆ. ಒಟ್ಟು 312 ಡಾಲರ್ ಕ್ಯಾಬಿನ್ ಲೆಕ್ಕಕ್ಕೆ ಬಿತ್ತು. ವಿಮೆ ಇತ್ತು. ಆದರೆ ಮೊದಲ 100 ಡಾಲರ್ ನಮ್ಮದೇ ತಲೆಗೆ ಅಂತ ಕಡಿದರು. ಉಳಿದದ್ದಕ್ಕೆ ಅಸಲು ಬಿಲ್ ಬೇಕು, ಡಾಕ್ಟರರ ಸಹಿ ಬೇಕು, ಪಾಸ್‌ಪೋರ್ಟಿನ ಮುದ್ರೆ ಇರುವ ಪುಟ ಬೇಕು ಅಂತ ತಿಂಗಳುಗಟ್ಟಲೆ ಸತಾಯಿಸಿದರು. ಕಾರ್ಡಿನವರು ವಿದೇಶಿ ವ್ಯವಹಾರ ಅಂತ ಶೇಕಡಾ 3.5 ಹೆಚ್ಚು ಹಿಡಿದದ್ದನ್ನು ಯಾರೂ ಕೊಡಲಿಲ್ಲ. ಆ ವರ್ಷ ಅಡಿಕೆ ಮಾರಿದ ದುಡ್ಡಿನಲ್ಲಿ ಹೋದದ್ದು ಮಾರಾಯ್ರೇ, ಪ್ರತಿ ರೂಪಾಯಿ ನೆನಪಿದೆ.

ಮರುದಿನದಿಂದ ಬಫೆಗೇ ಹೋದೆವು. ಬೆಳ್ತಿಗೆ ಅನ್ನ, ದಾಲ್, ಮೊಸರು ಕಣ್ಣೆದುರು. ಬೇಕಾದಾಗ ಬಡಿಸಿಕೊಂಡರಾಯಿತು. ಅಪ್ಪ ನಗುನಗುತ್ತಾ ಉಂಡರು.

ಮಂಜೇಶ್ವರದ ಅಕ್ಕ

ನಾನು ಡೈನಿಂಗ್ ರೂಮ್ ಅನ್ನುವವಳು. ಯಾಕೆ ಅಂತ ಹೇಳುತ್ತೇನೆ.

ನನ್ನ ಅಮ್ಮ ಹದಿನೆಂಟಕ್ಕೆ ಮದುವೆಯಾಗಿ ಬಂದದ್ದು ದೊಡ್ಡ ಕೂಡು ಕುಟುಂಬಕ್ಕೆ. ಗಂಡಸರ ಪಂಕ್ತಿ, ಮಕ್ಕಳ ಪಂಕ್ತಿ, ಕೆಲಸದವರ ಊಟ, ಕಡೆಗೆ ಇವರು. ಪಾತ್ರೆಯ ತಳದಲ್ಲಿ ಉಳಿದದ್ದೇ ಇವರ ಪಾಲು. ಅಂಥವರು ಹಡಗಿನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕೂತರು. ಗೋವಾದ ಹುಡುಗನೊಬ್ಬ ಕುರ್ಚಿ ಎಳೆದು ಕೂರಿಸಿ, ಮಡಿಲಿಗೆ ಬಟ್ಟೆ ಹಾಸಿದ. ಎರಡನೇ ರಾತ್ರಿಯಿಂದ ಅಮ್ಮ ಕೇಳುವ ಮೊದಲೇ ಬಿಸಿನೀರು ಬರುತ್ತಿತ್ತು. ಅಲ್ಲಿ ಪ್ರತಿ ರಾತ್ರಿ ಅದೇ ಮೇಜು, ಅದೇ ವೇಟರ್. ಹಾಗಾಗಿ ಅವರಿಗೆ ನಮ್ಮ ರೀತಿ ಗೊತ್ತಾಗಿಬಿಡುತ್ತದೆ. ಹೆಡ್ ವೇಟರ್ ಹಿಂದಿನ ರಾತ್ರಿಯೇ ಮರುದಿನದ ಮೆನು ತಂದು ತೋರಿಸುತ್ತಿದ್ದರು. ಈರುಳ್ಳಿ ಹಾಕದ ಬೀನ್ಸ್ ಪಲ್ಯ, ತೊವ್ವೆ, ಅನ್ನ ಬರೆಸಿ ಕೊಟ್ಟರೆ ಮರುದಿನ ತಯಾರು. ಶುರುವಿನ ತಿಂಡಿ ಎರಡು ಕೇಳಿದರೂ ದುಡ್ಡು ಜಾಸ್ತಿ ಇಲ್ಲ, ಸಿಹಿಯೂ ಹಾಗೆಯೇ.

ಖರ್ಚಾದದ್ದು ಫೋಟೋಕ್ಕೆ. ಫಾರ್ಮಲ್ ರಾತ್ರಿ ಎಲ್ಲರೂ ಚಂದ ಉಟ್ಟು ಬರುತ್ತಾರೆ, ಹಡಗಿನ ಫೋಟೋದವರು ಬಾಗಿಲಲ್ಲೇ ನಿಲ್ಲಿಸಿ ತೆಗೆಯುತ್ತಾರೆ. ಒಂದು ಪ್ರತಿಗೆ 20 ಡಾಲರ್. ಅಮ್ಮ ಕಾಂಜೀವರಂ ಸೀರೆಯಲ್ಲಿ ಕೂತದ್ದು, ಹಿಂದೆ ವೇಟರ್ ನಿಂತದ್ದು. ತೆಗೆದುಕೊಂಡೆ. ಇನ್ನೂ ನಾಲ್ಕು ತೆಗೆದುಕೊಳ್ಳುತ್ತಿದ್ದೆ.

ಪೆರ್ಲದ ಅಣ್ಣ, ನಿಮ್ಮ ತಂದೆಗೆ ಆದದ್ದು ಕೇಳಿ ಬೇಜಾರಾಯಿತು. ಆದರೆ ಹೋಟೆಲ್ ಆಗಲಿ ಹಡಗಾಗಲಿ, ತಟ್ಟೆ ಎದುರಿಗೆ ಬಂದ ಮೇಲೆ ಇನ್ಸುಲಿನ್ ತೆಗೆದುಕೊಳ್ಳಬೇಕು ಅಂತ ಡಾಕ್ಟರರೇ ಹೇಳುತ್ತಾರೆ ಅಲ್ವಾ? ಅದಕ್ಕೆ ಡೈನಿಂಗ್ ರೂಮನ್ನು ಯಾಕೆ ಬೈಯುವುದು?

ಪೆರ್ಲದ ಕೃಷಿಕ

ಅಕ್ಕ, ಬೈದದ್ದು ಸುಮ್ನೆ ಅಲ್ಲ. ಮೇಜಿಗೆ ಕೂತ ಕೂಡಲೇ 'ಇವರು ಡಯಾಬಿಟಿಕ್, ಮೊದಲು ಇವರಿಗೆ ಕೊಡಿ' ಅಂತ ನಾನೇ ಹೇಳಿದ್ದೆ. ತಲೆಯಾಡಿಸಿ ಹೋದರು, ಒಂದು ಗಂಟೆಯಾದರೂ ಅನ್ನ ಬರಲಿಲ್ಲ. ನಿಮ್ಮ ಮೇಜಿನ ಹುಡುಗ ಒಳ್ಳೆಯವನಾಗಿದ್ದ, ಅಷ್ಟೇ. ನಮ್ಮ ಮೇಜಿಗೆ ಬಿದ್ದವನಿಗೆ ಇಪ್ಪತ್ತು ಜನರ ಹೊರೆ. ನಿಮ್ಮ ಫೋಟೋದಲ್ಲಿ ಅದು ಕಾಣುವುದಿಲ್ಲ.

ಆ ಸೇವೆಗೆ ಟಿಪ್ಸ್ ಬೇರೆ! ತಲೆಗೆ ದಿನಕ್ಕೆ 18 ಡಾಲರ್ ಅಂತ ಕ್ಯಾಬಿನ್ ಲೆಕ್ಕಕ್ಕೆ ಅವರೇ ಸೇರಿಸಿದ್ದರು. ನಾನು ಕೌಂಟರಿಗೆ ಹೋಗಿ ಅಷ್ಟನ್ನೂ ತೆಗೆಸಿದೆ. ನಮ್ಮ ಹಡಗಿನಲ್ಲಿ ಬೇಡ ಅಂದರೆ ತೆಗೆಯುತ್ತಿದ್ದರು, ಯಾರೂ ಹೇಳಿಕೊಡುವುದಿಲ್ಲ.

ಕುಂಬಳೆ, ಮಾಜಿ ಸ್ಟೂವರ್ಡ್

ಆ ಟಿಪ್ಸಿನಲ್ಲಿ ಬದುಕಿದವನು ನಾನು. ಆದ್ದರಿಂದ ಬರೆಯಲೇಬೇಕು.

ಪೆರ್ಲದವರೇ, ನೀವು ತೆಗೆಸಿದ್ದು ಕಂಪನಿಯ ದುಡ್ಡಲ್ಲ. ಆ ಗಂಟು ವೇಟರ್, ಅವನ ಸಹಾಯಕ, ಕೋಣೆ ಗುಡಿಸುವವನು, ಕಾಣದ ಕಡೆ ಪಾತ್ರೆ ತೊಳೆಯುವವನು ಎಲ್ಲರಿಗೂ ಹಂಚಿಹೋಗುತ್ತದೆ. ನಿಮ್ಮ ಅಪ್ಪನಿಗೆ ಬಫೆಯಲ್ಲಿ ಮೊಸರು ತುಂಬಿಸಿಟ್ಟವನ ಪಾಲೂ ಅದರಲ್ಲೇ ಇತ್ತು. ತಿಂಗಳುಗಟ್ಟಲೆ ರಜೆ ಇಲ್ಲದೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿದು, ಆ ದುಡ್ಡಿನಲ್ಲಿ ತಂಗಿಯ ಮದುವೆ ಮಾಡಿದೆ, ಮನೆಗೆ ತಾರಸಿ ಹಾಕಿಸಿದೆ. ನಮ್ಮ ಕಾಸರಗೋಡಿನಲ್ಲಿ ಬೇಕಲ, ಕೋಟಿಕುಳಂ ಕಡೆ ಹಡಗಿನ ದುಡ್ಡಿನಲ್ಲಿ ಎದ್ದ ಮನೆಗಳು ಎಷ್ಟಿವೆ ಅಂತ ನೋಡಿ, ಆಮೇಲೆ ಟಿಪ್ಸ್ ತೆಗೆಸಿ.

ಈಗ ಊಟದ ವಿಷಯ. ನಾನು ಇದ್ದ ಹಡಗುಗಳಲ್ಲಿ ಎರಡಕ್ಕೂ ಸಾಮಾನು ಬರುವುದು ಒಂದೇ ಉಗ್ರಾಣದಿಂದ. ಬಫೆಯದು ದೊಡ್ಡ ಟ್ರೇಗಳಲ್ಲಿ ಮೊದಲೇ ಆಗಿ ಕೂತಿರುತ್ತದೆ. ಅದರಿಂದ ಈರುಳ್ಳಿ ತೆಗೆಯಲು ಯಾರಿಂದಲೂ ಆಗದು. ಡೈನಿಂಗ್ ರೂಮಿನಲ್ಲಿ ಬೇರೆ ಮಾಡಿಸಬಹುದು. ಆದರೆ ಬಾಯಲ್ಲಿ 'ವೆಜ್' ಅಂದರೆ ಸಾಲದು. ಸಿಂಗಾಪುರ, ಫುಕೆಟ್ ಕಡೆಯ ಅಡುಗೆಯಲ್ಲಿ ತರಕಾರಿಗೂ ಮೀನಿನ ಸಾಸ್, ಆಯ್ಸ್ಟರ್ (ಸಿಂಪಿ) ಸಾಸ್ ಬೀಳುತ್ತದೆ. ಜೆಲ್ಲಿ, ಮೂಸ್ ಅನ್ನುವ ಸಿಹಿಗಳಿಗೆ ಜೆಲಟಿನ್, ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ್ದು. 'ಜೈನ್ ಮೀಲ್' ಅನ್ನಿ, ಅಡುಗೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಹೋಗುತ್ತವೆ. ಜೊತೆಗೆ ಬಟಾಟೆ, ಕ್ಯಾರೆಟ್ ಕೂಡ ಹೋಗುತ್ತದೆ, ಬೇಕಿದ್ದರೆ ಅದನ್ನು ಬೇರೆ ಹೇಳಬೇಕು. ಇದನ್ನು ಹತ್ತಿದ ದಿನ ಹೇಳುವುದಲ್ಲ. ಹಡಗು ಹೊರಡುವ 45 ದಿನ ಮೊದಲೇ ಏಜೆಂಟ್ ಮೂಲಕ ಬರೆದು ಕಳಿಸಿ. ಹತ್ತಿದ ಮಧ್ಯಾಹ್ನ ಡೈನಿಂಗ್ ರೂಮಿಗೇ ಹೋಗಿ ಹೆಡ್ ವೇಟರನ್ನು ಕಂಡು ಇನ್ನೊಮ್ಮೆ ಹೇಳಿ.

ಉಪ್ಪಳ, ಈಗ ದುಬೈ

ಬಫೆ ಅನ್ನುವವರು ನನ್ನ ಮಗಳ ಕತೆ ಕೇಳಿ. ದುಬೈಯ ಬಂದರು ಪೋರ್ಟ್ ರಶೀದಿನಿಂದ ಹತ್ತಿದ್ದು. ಹಲಾಲ್ ಊಟದ ಸಾಲಿನಲ್ಲಿ ಇಟ್ಟ ಚಮಚವನ್ನು ಯಾರೋ ಹಂದಿ ಮಾಂಸದ ಟ್ರೇಗೆ ಹಾಕಿ ವಾಪಸ್ ಇಲ್ಲಿಟ್ಟರು. ನಾನು ಕಣ್ಣಾರೆ ಕಂಡೆ. ಹೇಳಿದ್ದಕ್ಕೆ ಚಮಚ ಬದಲಿಸಿದರು, ಟ್ರೇ ಬದಲಿಸಲಿಲ್ಲ. ಅಲ್ಲಿಗೇ ಹಸಿವು ಹೋಯಿತು.

ಮರುದಿನ ಮಗಳಿಗೆ ವಾಂತಿ, ಭೇದಿ. ನೋರೋವೈರಸ್ ಇರಬಹುದು ಅಂದರು. ಎಲ್ಲಾ ನಿಂತ ಮೇಲೂ 48 ಗಂಟೆ ಕ್ಯಾಬಿನ್ ಬಿಟ್ಟು ಬರುವ ಹಾಗಿಲ್ಲ. ಕಿಟಕಿ ಇಲ್ಲದ ಒಳಕೋಣೆ. ಹೆಂಡತಿಯೂ ಅವಳ ಜೊತೆ ಒಳಗೇ. ದೋಹಾ ನೋಡಲು ಕಟ್ಟಿದ್ದ ಟೂರ್ ದುಡ್ಡು 420 ದಿರಮ್ ಹೋಯಿತು, ತಡವಾಗಿ ಹೇಳಿದಿರಿ ಅಂದರು. ನೂರಾರು ಜನ ಮುಟ್ಟಿದ ಚಮಚ ಅದು. ಬಾಗಿಲಲ್ಲಿ ಸ್ಯಾನಿಟೈಸರ್ ಚಿಮುಕಿಸಿದರೆ ಸಾಲದು, ಆ ವೈರಸ್ ಅದಕ್ಕೆ ಬಗ್ಗುವುದಿಲ್ಲ. ಸೋಪು ಹಾಕಿ ನೀರಿನಲ್ಲೇ ಕೈ ತೊಳೆಯಬೇಕು. ಚಿಕ್ಕ ಮಗು ಇದೆ ಅಂದಿರಿ, ಅದಕ್ಕೇ ಇಷ್ಟು ಬರೆದೆ.

ಪೆರ್ಲದ ಕೃಷಿಕ

ನೋರೋವೈರಸ್ ಲಿಫ್ಟಿನ ಬಟನ್ನಿನಿಂದಲೂ ಬರುತ್ತದೆ, ಮೆಟ್ಟಿಲಿನ ಕಂಬಿಯಿಂದಲೂ ಬರುತ್ತದೆ. ಡೈನಿಂಗ್ ರೂಮಿನ ಮೆನು ಪುಸ್ತಕ ಎಷ್ಟು ಜನ ಹಿಡಿದಿರುತ್ತಾರೆ? ಬಫೆಯಿಂದಲೇ ಬಂತು ಅಂತ ನಿಮಗೆ ಯಾರು ಹೇಳಿದರು?

ಕುಂಬಳೆಯವರಿಗೆ: ನಾನು ಕೊಟ್ಟ ಟಿಕೆಟ್ ದುಡ್ಡಿನಲ್ಲಿ ಸಂಬಳ ಕೊಡುವುದು ಕಂಪನಿಯ ಕೆಲಸ. ನನ್ನ ತೋಟದಲ್ಲಿ ಅಡಿಕೆ ಕೊಯ್ಯುವವರಿಗೆ ಕೂಲಿ ನಾನೇ ಕೊಡುತ್ತೇನೆ. ಅಡಿಕೆ ಕೊಂಡವರ ಹತ್ತಿರ ಬೇಡು ಅನ್ನುವುದಿಲ್ಲ.

ಕುಂಬಳೆ, ಮಾಜಿ ಸ್ಟೂವರ್ಡ್

ನಿಯಮ ಸರಿಯಿಲ್ಲ ಅಂತ ಕಂಪನಿಗೆ ಬರೆಯಿರಿ, ನಾನೂ ಸಹಿ ಹಾಕುತ್ತೇನೆ. ಪಾತ್ರೆ ತೊಳೆಯುವವನ ಜೇಬಿಗೆ ಕೈ ಹಾಕಬೇಡಿ.

ನೀರ್ಚಾಲಿನ ಮಾಷ್ಟ್ರು

ಪಂಚೆಯ ವಿಷಯ ಯಾರೂ ಹೇಳಲಿಲ್ಲ. ನಾನು ಉಟ್ಟುಕೊಂಡೇ ಹೋದವನು. ಬಾಗಿಲಲ್ಲಿ ಒಬ್ಬ ಹುಡುಗ ತಡೆದ. ಚಡ್ಡಿ, ಬನಿಯನ್, ಹವಾಯಿ ಚಪ್ಪಲಿ ಬೇಡ ಅನ್ನುವುದು ಅಲ್ಲಿಯ ನಿಯಮ. ಪಂಚೆಯನ್ನು ಅವನು ಯಾವ ಲೆಕ್ಕಕ್ಕೆ ಹಾಕಿದನೋ! ಮೇಲಿನವರನ್ನು ಕರೆಸಿದೆ. ಇದು ನಮ್ಮ ಕಡೆಯ ಮರ್ಯಾದೆಯ ಉಡುಪು, ಮದುವೆಗೂ ಇದೇ, ದೇವಸ್ಥಾನಕ್ಕೂ ಇದೇ ಅಂದೆ. ಕ್ಷಮೆ ಕೇಳಿ ಒಳಗೆ ಬಿಟ್ಟರು. ಬಿಳಿ ಪಂಚೆ, ಜರಿ ಅಂಚು, ತುಂಬು ತೋಳಿನ ಅಂಗಿ, ಕಾಲಿಗೆ ಮುಚ್ಚಿದ ಚಪ್ಪಲಿ. ಮಡಚಿ ಮೇಲೆ ಕಟ್ಟಬಾರದು. ನಿಮ್ಮ ತಂದೆಗೆ ಹೇಳಿ, ಧೈರ್ಯವಾಗಿ ಉಟ್ಟುಕೊಳ್ಳಲಿ. ಕೈಯಲ್ಲೇ ಉಂಡೆ, ಯಾರೂ ಏನೂ ಅನ್ನಲಿಲ್ಲ.

ಬಫೆ ನನಗೆ ಸೇರುವುದಿಲ್ಲ. ಹಡಗಿನದ್ದು ಹಾಳಾಗಲಿ, ನಮ್ಮ ಊರಿನ ಮದುವೆಗಳಿಗೂ ಬಂದಿದೆ. ನೆಲದ ಮೇಲೆ ಸಾಲಾಗಿ ಎಲೆ ಹಾಕಿ, ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಡಿಸಿ, ಎಲ್ಲರಿಗೂ ಬಂದ ಮೇಲೆ ಒಟ್ಟಿಗೆ ಉಣ್ಣುವುದು ನಮ್ಮ ಕ್ರಮ. 'ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ' ಅಂತ ಮನೆಯ ಯಜಮಾನ ಎದುರು ನಿಂತು ಹೇಳುತ್ತಿದ್ದ. ಈಗ ಮದುವೆ ಹಾಲ್‌ನ ಹೊರಗೆ ಪ್ಲೇಟ್ ಹಿಡಿದು ಸಾಲು ನಿಲ್ಲಿಸುತ್ತಾರೆ. ನೆಂಟರನ್ನು ಕರೆದು ಕ್ಯೂ ನಿಲ್ಲಿಸುವುದು ಅವಮಾನ. ನನ್ನ ತಮ್ಮನ ಮಗನ ಮದುವೆಯಲ್ಲಿ ನಾನು ಉಣ್ಣದೆ ಬಂದೆ.

ಮಂಜೇಶ್ವರದ ಅಕ್ಕ

ಮಾಷ್ಟ್ರೇ, ಪಂಕ್ತಿ ಅಷ್ಟು ಚಂದ ಅಂತ ನಿಮಗೆ ಕಾಣುತ್ತದೆ, ಯಾಕೆಂದರೆ ನೀವು ಯಾವಾಗಲೂ ಕೂತವರು. ಕೊನೆಯ ಪಂಕ್ತಿ ಏಳುವಾಗ ಮೂರೂವರೆ. ಅಷ್ಟು ಹೊತ್ತು ಮನೆಯ ಹೆಂಗಸರು ಏನು ತಿಂದಿರುತ್ತಾರೆ? ನನ್ನ ಮಗಳ ಮದುವೆಗೆ ನಾನು ಬಫೆ ಇಟ್ಟೆ. ಎಲೆ ಊಟಕ್ಕಿಂತ ತಲೆಗೆ 40 ರೂಪಾಯಿ ಹೆಚ್ಚಾಯಿತು, ಪ್ಲೇಟು ತೊಳೆಯುವವರ ಕೂಲಿ ಬೇರೆ. ಆದರೂ ನನ್ನ ಅಮ್ಮ, ಅತ್ತೆ, ನಾದಿನಿಯರು ಎಲ್ಲರೂ ಎಲ್ಲರ ಜೊತೆಗೇ ಉಂಡರು. ಉಣ್ಣದೆ ಹೋದ ಹಿರಿಯರು ನಮ್ಮಲ್ಲೂ ಇದ್ದರು. ನಾನು ಹಿಂದೆ ಓಡಲಿಲ್ಲ.

ನೀರ್ಚಾಲಿನ ಮಾಷ್ಟ್ರು

ಹೆಂಗಸರು ಮೊದಲ ಪಂಕ್ತಿಗೆ ಕೂರಲಿ, ಗಂಡಸರು ಬಡಿಸಲಿ. ನನ್ನ ಮನೆಯಲ್ಲಿ ಮಗಳ ಮದುವೆಗೆ ಹಾಗೇ ಮಾಡಿದ್ದೇನೆ, ಸೌಟು ಹಿಡಿದು ಸಾರು ಬಡಿಸಿದ್ದೇನೆ. ಅದಕ್ಕೆ ಪಂಕ್ತಿಯನ್ನೇ ಎಬ್ಬಿಸಬೇಕೇ? ಹಡಗಿನಲ್ಲಿ ಕೂತು ಬಡಿಸಿಕೊಂಡದ್ದು ನಿಮಗೆ ಗೌರವ, ಊರಿನಲ್ಲಿ ಬೇಡ ಅಂದರೆ ಹೇಗೆ?

ಮಂಜೇಶ್ವರದ ಅಕ್ಕ

ಹಡಗಿನಲ್ಲಿ ಬಡಿಸುವವರಿಗೆ ಸಂಬಳ ಇದೆ, ಮಾಷ್ಟ್ರೇ. ನಮ್ಮ ಮನೆಯಲ್ಲಿ ಇರಲಿಲ್ಲ.

ಮುಳ್ಳೇರಿಯದಿಂದ

ಕೊಚ್ಚಿಯಿಂದ ಹೊರಟ ಹಡಗಿನಲ್ಲಿ ಹೋದವರು ನಾವು. ಕಾಸರಗೋಡಿನಿಂದ ವಂದೇ ಭಾರತ್ ಹತ್ತಿ ಎರ್ನಾಕುಳಂ, ಅಲ್ಲಿಂದ ಟ್ಯಾಕ್ಸಿಯಲ್ಲಿ ವಿಲ್ಲಿಂಗ್ಡನ್ ದ್ವೀಪ. ಹತ್ತಿದ ಮಧ್ಯಾಹ್ನ ಬಫೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕ್ಯಾಬಿನ್ ಇನ್ನೂ ತೆರೆದಿರಲಿಲ್ಲ, ಎಲ್ಲರೂ ಬ್ಯಾಗ್ ಸಮೇತ ಅಲ್ಲೇ. ಇನ್ನೊಂದು ಮಾತು. ಬಫೆ ಇದ್ದದ್ದು ಮೇಲಿನ ಡೆಕ್ಕಿನಲ್ಲಿ, ಅಲ್ಲಿ ಓಲಾಟ ಜಾಸ್ತಿ. ನನಗೆ ತಟ್ಟೆ ಹಿಡಿದು ನಡೆಯಲು ಆಗಲಿಲ್ಲ. ಡೈನಿಂಗ್ ರೂಮ್ ಕೆಳಗೆ ಇತ್ತು, ಸಮಾಧಾನವಾಗಿ ಉಂಡೆ. ಅಮ್ಮನಿಗೆ ಮೊಣಕಾಲು ನೋವು ಅಂದಿರಲ್ಲ, ಇದನ್ನು ನೋಡಿಕೊಳ್ಳಿ.

ಬದಿಯಡ್ಕದವ

ಎಲ್ಲರಿಗೂ ಧನ್ಯವಾದ. 5.45ರ ಪಾಳಿ ತೆಗೆದುಕೊಳ್ಳೋಣ ಅಂತ ಇದ್ದೇನೆ. ಜೈನ್ ಮೀಲ್ ಇವತ್ತೇ ಬರೆಸುತ್ತೇನೆ. ಆದರೆ ಅಪ್ಪ ಅಮ್ಮ ಅಷ್ಟು ಬೇಗ ಉಂಡು ಗೊತ್ತಿಲ್ಲ. ರಾತ್ರಿ ಒಂಬತ್ತಕ್ಕೆ ಮತ್ತೆ ಹಸಿದರೆ?

ಪೆರ್ಲದ ಕೃಷಿಕ

ಹಸಿದರೆ ಬಫೆಗೆ ಬನ್ನಿ. ಬೇರೆ ದಾರಿ ಏನಿದೆ? ಮತ್ತೆ ಫುಕೆಟ್ ದಿನ ಟೂರ್ ಬಸ್ಸು ವಾಪಸ್ ಬರುವಾಗ ಆರು ಗಂಟೆ ಆಗುತ್ತದೆ. 5.45ರ ಮೇಜು ಆ ದಿನ ತಪ್ಪಿತು ಅಂತಲೇ ಲೆಕ್ಕ.

ಕುಂಬಳೆ, ಮಾಜಿ ಸ್ಟೂವರ್ಡ್

ಫುಕೆಟ್ ವಿಷಯದಲ್ಲಿ ಪೆರ್ಲದವರು ಹೇಳಿದ್ದು ಸರಿ. ಆ ದಿನ ಬರುವುದಿಲ್ಲ ಅಂತ ಹಿಂದಿನ ರಾತ್ರಿಯೇ ವೇಟರಿಗೆ ಹೇಳಿಬಿಡಿ. ಇಲ್ಲದಿದ್ದರೆ ಬೇರೆಯಾಗಿ ಮಾಡಿದ ಊಟ ಕಸಕ್ಕೆ ಹೋಗುತ್ತದೆ. ಆ ರಾತ್ರಿ ಬಫೆಗೆ ಹೋದರೆ ಟ್ರೇ ಮುಟ್ಟಬೇಡಿ. ಅಲ್ಲಿ ಬಿಳಿ ಟೊಪ್ಪಿಯ ಅಡುಗೆಯವರು ನಿಂತಿರುತ್ತಾರೆ, ಅವರಿಗೆ ಜೈನ್ ಅನ್ನಿ. ಒಳಗಿನಿಂದ ತಂದುಕೊಡುತ್ತಾರೆ, ಕಾಲು ಗಂಟೆ ಕಾಯಬೇಕು. ಅಮ್ಮನನ್ನು ಬಾಗಿಲ ಹತ್ತಿರದ ಮೇಜಿನಲ್ಲಿ ಕೂರಿಸಿ, ತಟ್ಟೆ ನೀವು ತನ್ನಿ.