ಅಪ್‌ಡೇಟ್: ಮಲ್ಪೆಯ ಮೀನು ಸಾಗಣೆಗೆ ಕೊನೆಗೂ ಡೀಸೆಲ್ ಪಿಕಪ್

ಮಲ್ಪೆ ಬಂದರಿನಿಂದ ಹಾಸನಕ್ಕೆ ಮಂಜುಗಡ್ಡೆ ತುಂಬಿದ ಮೀನಿನ ಪೆಟ್ಟಿಗೆಗಳನ್ನು ಸಾಗಿಸಲು ಡೀಸೆಲ್ ಪಿಕಪ್ ಒಳ್ಳೆಯದೋ, ಸಿಎನ್‌ಜಿಯೋ (ಒತ್ತಿ ತುಂಬಿದ ನೈಸರ್ಗಿಕ ಅನಿಲದಿಂದ ಓಡುವುದು) ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಡೀಸೆಲ್ ವಾಹನವನ್ನೇ ಕೊಂಡೆ.

ನಿರ್ಧಾರವಾದದ್ದು ಶಿರಾಡಿ ಘಾಟಿಯಲ್ಲಿ. ಪರಿಚಿತರೊಬ್ಬರ ಸಿಎನ್‌ಜಿ ಪಿಕಪ್ಪಿನಲ್ಲಿ ಪೂರ್ಣ ಹೊರೆಯೊಂದಿಗೆ ಹೋದಾಗ ಏರಿನಲ್ಲಿ ಪದೇ ಪದೇ ಗೇರ್ ಇಳಿಸಿ ಎಂಜಿನ್ನನ್ನು ಕಿರುಚಿಸಬೇಕಾಯಿತು. ಅದೇ ಹೊರೆಯನ್ನು ಡೀಸೆಲ್ ಗಾಡಿ ಕಡಿಮೆ ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು), ಅವಸರವಿಲ್ಲದೆ ಎಳೆಯಿತು. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಹೊಂದಿದ ಡೀಸೆಲ್ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಎಂಜಿನ್ನಿನ ಕಡಿಮೆ ವೇಗದಲ್ಲೇ ದೊರೆಯುವುದು ಇದಕ್ಕೆ ಕಾರಣ. ಕಿಡಿಯ ಬದಲು ಒತ್ತಡದ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳುವುದರಿಂದ ಡೀಸೆಲ್ ಎಂಜಿನ್ನಿನ ಸಂಕೋಚನ ಅನುಪಾತ (ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) ಹೆಚ್ಚಿರುತ್ತದೆ. ಲೀಟರ್ ಡೀಸೆಲ್‌ಗೆ ಸಿಗುವ ಶಕ್ತಿಯೂ ಪೆಟ್ರೋಲಿಗಿಂತ ಅಧಿಕ. ಸಿಎನ್‌ಜಿ ಗಾಡಿಯಂತೆ ಅನಿಲದ ಸಿಲಿಂಡರ್ ಜಾಗ ತಿನ್ನದೆ ಇರುವುದು ನನಗೆ ಇನ್ನೊಂದು ಲಾಭ.

ತೊಂದರೆಯೂ ಇದೆ. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ನಿಯಮದ (ವಾಹನದ ಹೊಗೆಗೆ ಮಿತಿ ಹಾಕುವ ನಿಯಮ) ನಂತರ ಬಂದಿರುವ ಮಸಿ ಸೋಸುವ ಫಿಲ್ಟರ್, ಉಡುಪಿ ಪೇಟೆಯ ಸಣ್ಣ ಓಡಾಟದಲ್ಲಿ ಕಟ್ಟಿಕೊಂಡು ಒಮ್ಮೆ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಹೊತ್ತಿಸಿತು. ಹೆದ್ದಾರಿಯಲ್ಲಿ ಕುಂದಾಪುರದವರೆಗೆ ಒಂದೇ ವೇಗದಲ್ಲಿ ಓಡಿಸಿದ ಮೇಲೆ ದೀಪ ಆರಿತು. ಪೇಟೆಯೊಳಗೆ ಮಾತ್ರ ಓಡಿಸುವವರು ಸಿಎನ್‌ಜಿ ಕೊಳ್ಳುವುದೇ ಸರಿ.